ವಾರ್ತೆ ಪಕ್ಕದ 10 ಸೆಕೆಂಡ್ ಮಾರಿದ್ದು: ನನ್ನ ಅನುಭವ

"ಆಕಾಶವಾಣಿಗೆ ಆಡ್ ಹಾಕ್ಸ್ತೀಯಾ? ಯಾರ್ ಮಾರಾಯ ಈಗ ಕೇಳ್ತಾರೆ" ಅಂತ ಶಿವಮೊಗ್ಗದಲ್ಲಿ ನನ್ ಥರಾನೇ ಜಾಹೀರಾತು ಏಜೆನ್ಸಿ ಇಟ್ಕೊಂಡಿರೋರೆಲ್ಲ ನಕ್ಕಿದ್ರು. ಹೋದ ಮಳೆಗಾಲ ಆಕಾಶವಾಣೀಲಿ ಆಡ್ ಹಾಕ್ಸಿದ ನಮ್ ಗೊಬ್ಬರದಂಗಡಿ ಪಾರ್ಟಿದು ಮೈಲುತುತ್ತ (ಅಡಿಕೆಗೆ ಹೊಡಿಯೋ ಔಷಧಿಗೆ ಬೇಕಾದ್ದು) ಜೂನ್ ಕಳೆಯೋದ್ರೊಳಗೆ ಖಾಲಿ. ಈಗ ಅವ್ರೇ ಫೋನ್ ಮಾಡಿ ರೇಟ್ ಕಾರ್ಡ್ ಕೇಳ್ತಿದಾರೆ.

ಮೊದಲ ಎರಡು ವರ್ಷ ಬರೀ ಲಾಸು. ಬೆಂಗಳೂರಲ್ಲಿ 18 ಸಾವಿರ ಕೊಟ್ಟು ಜಿಂಗಲ್ ಮಾಡಿಸ್ದೆ, ಪ್ರೈವೇಟ್ ಎಫ್‌ಎಂ ಥರ ಕಿರುಚಾಟ, ವಾರ್ತೆ ಮುಗಿದ ತಕ್ಷಣ ಅದು ಬಂದ್ರೆ ತಗಡು ಬಡಿದಂಗೆ. ಆಮೇಲೆ ಬುದ್ಧಿ ಉಪಯೋಗ್ಸಿ ವಾರ್ತೆ ಓದೋ ಧಾಟೀಲೇ ಸ್ಕ್ರಿಪ್ಟ್ ಬರೆದೆ, ವಾಪಸ್ ಬಂತು. ಜಾಹೀರಾತನ್ನ ಸುದ್ದಿ ಥರ ಕೊಡಂಗಿಲ್ಲ, ನಂಗೂ ಗೊತ್ತಿತ್ತು ಬಿಡಿ. ಏಜೆನ್ಸಿಗೆ ಆಕಾಶವಾಣಿ ಮಾನ್ಯತೆ ಇಲ್ದೆ ದುಡ್ಡು ನಾನೇ ಮುಂಗಡ ಕಟ್ಟಬೇಕು, ಆಮೇಲೆ ಒಬ್ಬ ಟ್ರಾಕ್ಟರ್ ಡೀಲರ್ ಕೊಡಲ್ಲ ಅಂತ ಕೈ ಎತ್ತಿದ, ಹತ್ತಿರತ್ತಿರ 40 ಸಾವಿರ ಹೋಯ್ತು. ಪಾನ್ ಮಸಾಲಾದವನೊಬ್ಬ ನೋಟು ಹಿಡ್ಕೊಂಡೇ ಬಂದಿದ್ದ, ಅಡಿಕೆ ಸೀಮೇಲಿ ಇದ್ಕೊಂಡೂ ಅದನ್ನ ತಗೊಳ್ಳೋ ಹಾಗಿಲ್ಲ, ಆಕಾಶವಾಣಿ ಜಾಹೀರಾತು ಕೋಡ್ ಬಿಡಲ್ಲ.

ದಾರಿ ಸಿಕ್ಕಿದ್ದು ತೀರ್ಥಹಳ್ಳಿ ಕಡೆ ಒಬ್ಬರ ಮನೇಲಿ. ಮೂರು ದಿನದಿಂದ ಕರೆಂಟಿಲ್ಲ, ಡಿಶ್ ಸತ್ತಿದೆ, ಸೆಲ್ಲು ಹಾಕಿದ ರೇಡಿಯೋ ಒಂದೇ. ಸುದ್ದಿ ಓದ್ತಿರೋವಾಗ ಯಜಮಾನ್ರು ಅಡಿಕೆ ಗೊನೆಗೆ ಕಟ್ಟೋ ಕೊಟ್ಟೆ ಲೆಕ್ಕ ಹಾಕ್ತಾ ಕೂತಿದ್ರು, ಹವಾಮಾನ ಬಂತು ನೋಡಿ, ಕಾಫಿ ಲೋಟ ಕೆಳಗಿಟ್ಟು "ಸುಮ್ನಿರೇ ಸ್ವಲ್ಪ" ಅಂತ ಮನೆಯವ್ರಿಗೆ ಗದರಿದ್ರು. ಮಳೆ ಎರಡು ದಿನ ಬಿಡುವು ಕೊಟ್ರೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೀಬೇಕು, ಇಲ್ಲಾಂದ್ರೆ ಅಡಿಕೆಗೆ ಕೊಳೆ ರೋಗ. ಪ್ರೈವೇಟ್ ಎಫ್‌ಎಂಗೆ ಸ್ವಂತ ಸುದ್ದಿ ಮಾಡೋ ಅನುಮತಿ ಇಲ್ಲ, ಹಾಕೋದಾದ್ರೆ ಆಕಾಶವಾಣಿದನ್ನೇ ಹಾಕಬೇಕು. ಅಂದ್ರೆ ಮಾರೋ ಸರಕು ಹಾಡಲ್ಲ, ವಾರ್ತೆ.

ಅವತ್ತಿಂದ ಜಿಂಗಲ್ ಬಿಟ್ಟೆ. ಸಾದಾ ದನಿ, ಅಂಗಡಿ ಹೆಸರು, ಕೆಜಿ ರೇಟು, ಅಷ್ಟೇ. ವಾರ್ತೆಗೆ ಮುಂಚೆನಾ ಆಮೇಲಾ, ಯಾವ ವಾರದಿಂದ ಶುರು, ಅದನ್ನ ಹೇಳಲ್ಲ, ಹೊಟ್ಟೆಪಾಡು.

ಮಧ್ಯೆ ಒಂದು ಪ್ರಯೋಗ: ಬೆಳಿಗ್ಗೆ ಜಾಹೀರಾತಿಗೊಂದು ಫೋನ್ ನಂಬರು, ಸಂಜೆಗೆ ಬೇರೆ. ವಾರಕ್ಕೆ ಬೆಳಗಿಂದು 60 ಕಾಲ್ ಇರ್ಬೋದು, ಸಂಜೆದು ಹತ್ತೂ ದಾಟ್ಲಿಲ್ಲ. ಬಂದ ಕಾಲಲ್ಲಿ ಐದಾರು ಬೆಂಗಳೂರಿಂದ, ಆ್ಯಪಲ್ಲಿ ವಾರ್ತೆ ಕೇಳೋ ಮಕ್ಕಳು ಅಪ್ಪಂಗೆ ಅಂತ ಬುಕ್ ಮಾಡ್ತಿದ್ರು!

ಆಕಾಶವಾಣೀಲಿ 1967ರಲ್ಲಿ ಜಾಹೀರಾತು ಶುರುವಾಗಿದ್ದು ವಿವಿಧ ಭಾರತೀಲಿ, ಅದೂ ಹಾಡಿನ ಪಕ್ಕ. 1997ರಲ್ಲಿ ಪ್ರಸಾರ ಭಾರತಿ ಅನ್ನೋ ಸ್ವಾಯತ್ತ ಸಂಸ್ಥೆ ಆದ್ಮೇಲೆ ಸ್ವಂತ ದುಡಿಮೆ ತೋರಿಸೋ ಒತ್ತಡ, ಈಗ ವಾರ್ತೆಯ ಅಕ್ಕಪಕ್ಕಾನೂ ಸೈಟ್ ಇದ್ದಂಗೆ. ಸುದ್ದಿ ಒಳಗೆ ನಾನ್ಯಾವತ್ತೂ ಕೈ ಹಾಕಿಲ್ಲ, ಹಾಕೋಕೂ ಆಗಲ್ಲ. ಆದ್ರೆ ಆಕಾಶವಾಣಿ ಆಫೀಸಲ್ಲಿ ಮೊದಲು ಫೈಲಿಂದ ತಲೆ ಎತ್ತದೇ ಇದ್ದೋರು ಈಗ ಮಾರ್ಚ್ ಬಂದ್ರೆ "ಸಾರ್, ಪಾರ್ಟಿ ಇದ್ರೆ ಹೇಳಿ" ಅಂತಾರೆ.

ಮೊನ್ನೆ ಬಂದ ಫೋನೇ ಬೇರೆ. ವಾರ್ತೆ ಪಕ್ಕದ ನನ್ ಜಾಗ ಇನ್ನೊಬ್ರು ಕೇಳ್ತಿದಾರಂತೆ, ಮೊದಲು ನಕ್ಕಿದ್ದೋರಲ್ಲೇ ಒಬ್ಬ. ಜೂನ್ ಪೂರ್ತಿದು ಅವತ್ತೇ ಕಟ್ಟಿ ಬಂದೆ.