1776 ಅಂತ ಇದ್ದರೆ ಸಾಲದು: ಆಡಮ್ ಸ್ಮಿತ್ ಪ್ರತಿಯೊಂದನ್ನು ಪರೀಕ್ಷಿಸಿದ ಅನುಭವ

ಲಂಡನ್ನಿನಲ್ಲಿ ಹಳೆ ಪುಸ್ತಕಗಳ ವ್ಯಾಪಾರದಲ್ಲಿ ನನ್ನ ಪಾಲಿನ ಕೆಲಸ ಕ್ಯಾಟಲಾಗ್ ಬರೆಯುವುದು. ಮಾರಾಟಕ್ಕೆ ಬಂದ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿ, ಏನಿದೆ, ಏನಿಲ್ಲ ಎಂದು ದಾಖಲಿಸಬೇಕು. ಆಡಮ್ ಸ್ಮಿತ್ ಬರೆದ ಅರ್ಥಶಾಸ್ತ್ರದ ಪುಸ್ತಕ 'ವೆಲ್ತ್ ಆಫ್ ನೇಷನ್ಸ್'ನ ಮೊದಲ ಮುದ್ರಣ ಎಂದು ಎರಡು ದಪ್ಪ ಸಂಪುಟ ನನ್ನ ಮೇಜಿಗೆ ಬಂದವು.

ಶೀರ್ಷಿಕೆ ಪುಟದಲ್ಲಿ ರೋಮನ್ ಅಂಕಿಯಲ್ಲಿ 1776 ಇತ್ತು. ಅಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಅದೇ ವರ್ಷ ಡಬ್ಲಿನ್ನಿನಲ್ಲೂ ಈ ಪುಸ್ತಕ ಅಚ್ಚಾಗಿದೆ, ಸಣ್ಣ ಆಕಾರದ ಮೂರು ಸಂಪುಟಗಳಲ್ಲಿ. ಬ್ರಿಟನ್ನಿನ ಕಾಪಿರೈಟ್ ಕಾನೂನು ಆಗ ಐರ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ನಮಗೆ ಬೇಕಾದದ್ದು ಪ್ರಕಾಶಕರಾದ ಸ್ಟ್ರಾಹನ್ ಮತ್ತು ಕ್ಯಾಡೆಲ್ ಮಾರ್ಚ್ 9ರಂದು ಲಂಡನ್ನಿನಲ್ಲಿ ಹೊರತಂದ, ಕ್ವಾರ್ಟೊ ಎಂಬ ದೊಡ್ಡ ಆಕಾರದ ಎರಡು ಸಂಪುಟ. ಆಗಿನ ಬೆಲೆ 1 ಪೌಂಡ್ 16 ಶಿಲಿಂಗ್. ಈಗ ಒಳ್ಳೆಯ ಪ್ರತಿ ಲಕ್ಷ ಪೌಂಡ್ ದಾಟುವುದುಂಟು. 1778ರ ಎರಡನೇ ಮುದ್ರಣವೂ ಇದೇ ಆಕಾರದ ಎರಡು ಸಂಪುಟ. ಅದರದೊಂದು, ಇದರದೊಂದು ಜೋಡಿಸಿ ಬೀರುವಿನಲ್ಲಿಟ್ಟರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ಸಂಪುಟಗಳ ಶೀರ್ಷಿಕೆ ಪುಟ ನೋಡಿದ ಮೇಲೆಯೇ ಮುಂದಿನ ಕೆಲಸ.

ಕೈ ತೊಳೆದು ಚೆನ್ನಾಗಿ ಒರೆಸಿಕೊಂಡೆ. ಗ್ಲೌಸ್ ಹಾಕಿಕೊಳ್ಳುವುದಿಲ್ಲ. ಸಿನಿಮಾದಲ್ಲಿ ಅದು ಚೆಂದ, ಆದರೆ ಬೆರಳಿಗೆ ಕಾಗದ ಗೊತ್ತಾಗದಿದ್ದರೆ ಹರಿಯುವ ಭಯವೇ ಜಾಸ್ತಿ. ರಟ್ಟು ಪೂರ್ತಿ ತೆರೆದು ಬೆನ್ನು ಬಿರುಕು ಬಿಡದಂತೆ ಎರಡೂ ಕಡೆ ಸ್ಪಂಜಿನ ದಿಂಬು ಕೊಟ್ಟೆ. ಪಕ್ಕದಲ್ಲಿ ಒಂದು ಟಾರ್ಚ್.

ಕ್ವಾರ್ಟೊ ಅಂದರೆ ದೊಡ್ಡ ಕಾಗದವನ್ನು ಎರಡು ಸಲ ಮಡಿಸಿದ್ದು: ಒಂದು ಫಾರಂಗೆ ನಾಲ್ಕು ಹಾಳೆ, ಎಂಟು ಪುಟ. ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಶೀರ್ಷಿಕೆ, ಪರಿವಿಡಿ ಮುಗಿದ ಮೇಲೆ ಬರುವ ಪುಟ 1 ಬಿ ಇಂದ ಶುರು. ಜೆ, ವಿ, ಡಬ್ಲ್ಯೂ ಬರುವುದೇ ಇಲ್ಲ. ಝಡ್ ಮುಗಿದರೆ ಜೋಡಿ ಎ, ಆಮೇಲೆ ಮೂರು ಎ. ಪುಟಸಂಖ್ಯೆಗಿಂತ ನಾನು ನಂಬುವುದು ಈ ಅಕ್ಷರಗಳನ್ನು. ಮೊದಲ ಸಂಪುಟ 510 ಪುಟ. ಎಂಟರಿಂದ ಭಾಗಿಸಿ ನೋಡಿ, ಕೊನೆಯ ಫಾರಂನಲ್ಲಿ ಒಂದು ಹಾಳೆ ಖಾಲಿ ಉಳಿಯಬೇಕು. ಏನೂ ಅಚ್ಚಾಗಿಲ್ಲವಲ್ಲ ಎಂದು ಬೈಂಡ್ ಮಾಡುವವರು ಕಿತ್ತುಹಾಕುವುದು ಇಂಥ ಹಾಳೆಯನ್ನೇ. ಇದರಲ್ಲಿ ಉಳಿದಿತ್ತು.

ನನಗೆ ಇಷ್ಟವಾದ ಭಾಗ ಅಂಟಿಸಿದ ಹಾಳೆಗಳದ್ದು. ಅಚ್ಚಾದ ಮೇಲೆ ಕೆಲವು ಹಾಳೆಗಳಲ್ಲಿ ತಿದ್ದುವುದಿತ್ತು. ಆ ಹಾಳೆಯನ್ನು ಮಾತ್ರ ಕತ್ತರಿಸಿ, ಹೊಲಿಗೆಯ ಹತ್ತಿರ ಒಂದು ಸಣ್ಣ ಪಟ್ಟಿ ಉಳಿಸಿ, ಹೊಸದಾಗಿ ಅಚ್ಚು ಹಾಕಿದ ಹಾಳೆಯನ್ನು ಅದಕ್ಕೆ ಅಂಟಿಸುತ್ತಿದ್ದರು. ಎಂ ಫಾರಂನ ಮೂರನೇ ಹಾಳೆ, ಅಂದರೆ ಪುಟ 85-86, ಹಾಗೆ ಬದಲಾದದ್ದು. ಕ್ಯೂ ಫಾರಂನ ಮೊದಲ ಹಾಳೆಯೂ ಹಾಗೆಯೇ. ಎರಡನೇ ಸಂಪುಟದಲ್ಲಿ ಡಿ ಫಾರಂನ ಮೊದಲ ಹಾಳೆ. ಗೊತ್ತಿಲ್ಲದವರು ಈ ಅಂಟು ಕಂಡರೆ ರಿಪೇರಿ ಮಾಡಿದ್ದಾರೆ ಎಂದು ಬೆಲೆ ಇಳಿಸಲು ನೋಡುತ್ತಾರೆ. ನನಗಂತೂ ಅಲ್ಲಿ ಪಟ್ಟಿ ಬೆರಳಿಗೆ ಸಿಕ್ಕರೆ ಸಮಾಧಾನ.

ಹಾಳೆ ಎಣಿಸುವಾಗ ಓದಬಾರದು, ಲೆಕ್ಕ ತಪ್ಪುತ್ತದೆ. ಆದರೂ ಕೂಲಿಯ ಅಧ್ಯಾಯದಲ್ಲಿ ಬಂಗಾಳದ ಹೆಸರು ಕಂಡು ನಿಂತೆ. ಫಲವತ್ತಾದ ನಾಡಿನಲ್ಲಿ ಒಂದೇ ವರ್ಷ ಮೂರು ನಾಲ್ಕು ಲಕ್ಷ ಜನ ಹಸಿವಿನಿಂದ ಸಾಯುತ್ತಾರೆ ಎಂದು ಸ್ಮಿತ್ ಬರೆಯುತ್ತಾನೆ. 1770ರ ಕ್ಷಾಮದಲ್ಲಿ ಸತ್ತವರು ಅದಕ್ಕಿಂತ ಎಷ್ಟೋ ಜಾಸ್ತಿ. ಮುಂದೆ ಎರಡನೇ ಸಂಪುಟದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರರು ಅಕ್ಕಿ ವ್ಯಾಪಾರಕ್ಕೆ ಹಾಕಿದ ಕಟ್ಟುಪಾಡುಗಳೂ ಅಭಾವವನ್ನು ಕ್ಷಾಮ ಮಾಡಿರಬಹುದು ಎನ್ನುತ್ತಾನೆ.

ತೊಂದರೆ ಸಿಕ್ಕಿದ್ದು ಆ ಎರಡನೇ ಸಂಪುಟದ ಆರಂಭದಲ್ಲೇ. ಪುಸ್ತಕದ ಹೆಸರಷ್ಟೇ ಇರುವ ಹಾಫ್ ಟೈಟಲ್ ಹಾಳೆ ಈ ಮುದ್ರಣದಲ್ಲಿ ಎರಡನೇ ಸಂಪುಟಕ್ಕೆ ಮಾತ್ರ ಇದೆ. ಇಲ್ಲಿ ಅದು ಇತ್ತು, ಆದರೆ ಸ್ವಲ್ಪ ಬೆಳ್ಳಗೆ. ಅದಕ್ಕೂ ಮೊದಲಿನ ಖಾಲಿ ಹಾಳೆಯಲ್ಲಿ ಹುಳು ಕೊರೆದ ತೂತಿತ್ತು. ಶೀರ್ಷಿಕೆ ಪುಟದಲ್ಲೂ ಅದೇ ಜಾಗದಲ್ಲಿ ತೂತು. ನಡುವಿನ ಹಾಫ್ ಟೈಟಲ್ ಮಾತ್ರ ಅಖಂಡ. ಹುಳು ಒಂದು ಹಾಳೆ ಬಿಟ್ಟು ಮುಂದೆ ಹಾರುವುದಿಲ್ಲ ಅಲ್ವಾ? ಟಾರ್ಚ್ ಹಿಡಿದೆ. ಕೈಯಿಂದ ಮಾಡಿದ ಕಾಗದದಲ್ಲಿ ಬೆಳಕಿಗೆ ಕಾಣುವ ಗೆರೆಗಳು ಕ್ವಾರ್ಟೊದಲ್ಲಿ ಇರಬೇಕಾದಂತೆ ಅಡ್ಡಕ್ಕೇ ಇದ್ದವು, ಅಕ್ಷರವೂ ಅಚ್ಚುಮೊಳೆಯದ್ದೇ. ಅಂದರೆ ಈಗಿನ ನಕಲಲ್ಲ. ಎತ್ತರ ಮಾತ್ರ ಅಕ್ಕಪಕ್ಕದ ಹಾಳೆಗಳಿಗಿಂತ ಕೂದಲೆಳೆಯಷ್ಟು ಕಡಿಮೆ. ಯಾರೋ ಬೇರೆ ಪ್ರತಿಯಿಂದ ತೆಗೆದು ತೊಳೆದು ಇಲ್ಲಿ ಅಂಟಿಸಿದ್ದರು.

ತಂದವರಿಗೆ ತೋರಿಸಿದೆ. "ಅದೂ 1776ರದ್ದೇ ತಾನೇ, ಸುಮ್ನೆ ಬಿಡಿ" ಎಂದರು. ಬಿಡಲಾಗುವುದಿಲ್ಲ, ಕೊಳ್ಳುವವರು ಮುಂದೆ ಇದನ್ನೇ ಹುಡುಕುತ್ತಾರೆ ಎಂದೆ. ಎರಡನೇ ಸಂಪುಟದ ಹಾಫ್ ಟೈಟಲ್ ಬೇರೆ ಪ್ರತಿಯಿಂದ ಸೇರಿಸಿದ್ದು ಎಂದು ವಿವರದ ಮೊದಲ ಸಾಲುಗಳಲ್ಲೇ ಬರೆದು, ಹುಳದ ತೂತಿನ ಫೋಟೊ ಸೇರಿಸಿ, ಅಂದಾಜು ಬೆಲೆ ಇಳಿಸಿ ಕಳಿಸಿದೆ.