ಎರಡು ನಿಷಾದಗಳ ನಡುವೆ

ಇಂಗ್ಲೆಂಡಿನ ಸಂಗೀತಗಾರ ವಿಲಿಯಂ ಬರ್ಡ್‌ನ ‘ಆವೆ ವೇರುಮ್ ಕೊರ್ಪುಸ್’ ಸುಮಾರು ನಾಲ್ಕು ನಿಮಿಷದ ಲ್ಯಾಟಿನ್ ಹಾಡು. ನಾನು ಎಡವುತ್ತಿದ್ದುದು ಎರಡನೆಯ ಪದದಲ್ಲೇ. ಮೇಲ್ದನಿಯ ಸೊಪ್ರಾನೊದವರು ಎಫ್ ಶಾರ್ಪ್ ಹಾಡುತ್ತಾರೆ. ಅದಿನ್ನೂ ಕಿವಿಯಲ್ಲಿ ಗುಂಯ್‌ಗುಡುವಾಗಲೇ ಬೇಸ್‌ನವರು, ಎಂದರೆ ಕೆಳದನಿಯ ನಾವು, ಎಫ್ ನ್ಯಾಚುರಲ್ ಹಿಡಿಯಬೇಕು. ನಮ್ಮ ಪ್ರತಿಯ ಜಿ ಸ್ವರವನ್ನು ಷಡ್ಜ ಅಂದುಕೊಂಡರೆ ಅವರದು ಕಾಕಲಿ, ಎಂದರೆ ಏರಿದ ನಿಷಾದ; ನನ್ನದು ಕೈಶಿಕಿ, ಅದಕ್ಕಿಂತ ತಗ್ಗಿದ್ದು. ಕಾಪಿ ರಾಗದಲ್ಲಿ ಎರಡನ್ನೂ ಹಾಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಆದರೆ ಅಲ್ಲಿ ಎರಡಕ್ಕೂ ಗಂಟಲು ಒಂದೇ. ಇಲ್ಲಿ ಅವರ ನಿಷಾದ ನನ್ನದನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು.

ಇಂಗ್ಲೆಂಡಿಗೆ ಬಂದ ಮೇಲೆ ಇಲ್ಲಿನ ಕ್ಯಾಥೊಲಿಕ್ ಚರ್ಚಿನ ಕಾಯರ್, ಅಂದರೆ ಗಾಯನವೃಂದ, ಸೇರಿದ್ದು ಹಾಡುವ ಚಟಕ್ಕೆ, ಭಕ್ತಿಗಲ್ಲ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕಲಿತ ಸಂಗೀತ ಮೊದಮೊದಲು ಅಡ್ಡಿಯೇ ಆಯಿತು. ಸ್ವರಕ್ಕೆ ನೇರವಾಗಿ ಇಳಿಯದೆ ಜಾರಿ ಇಳಿಯುತ್ತಿದ್ದೆ. ತೊಡೆ ಮೇಲೆ ತಾಳ ಹಾಕುತ್ತಿದ್ದೆ, ನಿರ್ದೇಶಕಿ ನಗುತ್ತಲೇ ಬಿಡಿಸಿದರು. ಈ ಹಾಡಿನ ಒತ್ತು ತಾಳದಲ್ಲಿಲ್ಲ, ಲ್ಯಾಟಿನ್ ಪದದಲ್ಲಿದೆ. 1605ರ ‘ಗ್ರಾಡುವಾಲಿಯಾ’ ಸಂಗ್ರಹದಲ್ಲಿ ಇದು ಮೊದಲು ಅಚ್ಚಾದಾಗ ಒಂದೊಂದು ದನಿಗೆ ಒಂದೊಂದು ಬೇರೆ ಪುಸ್ತಕ. ಅದರಲ್ಲಿ ಮಾತ್ರೆಗಳನ್ನು ವಿಭಾಗಿಸುವ ಬಾರ್ ಗೆರೆಯೂ ಇಲ್ಲ, ಪಕ್ಕದವರೇನು ಹಾಡುತ್ತಾರೆಂಬ ಸುಳಿವೂ ಇಲ್ಲ.

ನಾನೂ ಹಾಗೇ ಮಾಡಿದೆ. ನನ್ನ ಸಾಲನ್ನಷ್ಟೇ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಪದಗಳನ್ನು ಕನ್ನಡದಲ್ಲಿ ಬರೆದೆ: ‘ನಾತುಮ್ ದೆ ಮರೀಯಾ ವಿರ್ಜಿನೆ’. ಇದರಿಂದ ಒಂದು ಲಾಭವಾಯಿತು. ಲ್ಯಾಟಿನ್ನಿನ ತಕಾರ ನಮ್ಮ ‘ತ’, ‘ಟ’ ಅಲ್ಲ. ನನ್ನ ಇಂಗ್ಲಿಷ್ ಗೆಳೆಯರು ಒದ್ದಾಡುತ್ತಿದ್ದ ಕಡೆ ನನಗೆ ಕಷ್ಟವೇ ಇರಲಿಲ್ಲ. ‘ಕ್ರೂಚೆ’ಯ ಚಕಾರ ಮಾತ್ರ ಇಟಾಲಿಯನ್ನರ ಪದ್ಧತಿ ಎಂದು ಹೇಳಿಸಿಕೊಂಡೆ.

ಆ ನಿಷಾದಕ್ಕೆ ಮದ್ದು ಸಿಕ್ಕಿದ್ದು ಫೋನಿನ ಶ್ರುತಿಪೆಟ್ಟಿಗೆಯಲ್ಲಿ. ಷಡ್ಜ ಹಾಕಿ, ಕೈಶಿಕಿಯನ್ನು ಒಂದಿಷ್ಟೂ ಅಲುಗಿಸದೆ ಉಸಿರಿರುವಷ್ಟು ಹೊತ್ತು ಹಿಡಿಯುವುದು. ಮೂರು ವಾರ ಇಷ್ಟೇ. ಆಮೇಲೆ ಹೆಂಡತಿಗೆ ಕಾಕಲಿ ಹಾಡಲು ಹೇಳಿ, ಅದರ ಬೆನ್ನಿಗೇ ನನ್ನದು. ನಾನು ಎಡವುತ್ತಿದ್ದ ಆ ಪದ, ‘ವೇರುಮ್’, ಎಂದರೆ ನಿಜವಾದದ್ದು; ‘ಕೊರ್ಪುಸ್’ ಎಂದರೆ ಶರೀರ. ಪೂಜೆಯ ರೊಟ್ಟಿಯಲ್ಲಿರುವುದು ಕ್ರಿಸ್ತನ ನಿಜವಾದ ಶರೀರ ಎನ್ನುವುದೇ ಆಗ, ಪ್ರಾಟೆಸ್ಟೆಂಟ್ ಆಗಿದ್ದ ಇಂಗ್ಲೆಂಡಿನಲ್ಲಿ, ಜಗಳದ ಮಾತು. ಬರ್ಡ್ ರಾಜಮನೆತನದ ಚಾಪೆಲ್‌ನ ಸಂಗೀತಗಾರನಾಗಿದ್ದೂ ಕ್ಯಾಥೊಲಿಕನಾಗಿಯೇ ಉಳಿದವನು. ಎಸೆಕ್ಸ್‌ನಲ್ಲಿ ಪೀಟರ್ ಮನೆತನದಂಥವರ ಆಶ್ರಯದಲ್ಲಿ, ಮನೆಯೊಳಗೆ ಗುಟ್ಟಾಗಿ ನಡೆಯುತ್ತಿದ್ದ ಪೂಜೆಗಳಿಗೆ ಬರೆದವನು. ಆ ಪದದ ಮೇಲೇ ಸ್ವರಗಳ ಘರ್ಷಣೆ ಇಟ್ಟದ್ದು ಆಕಸ್ಮಿಕ ಎಂದು ನನಗಂತೂ ಅನ್ನಿಸುವುದಿಲ್ಲ.

ಮೊದಲು ಇಪ್ಪತ್ತು ಜನ ಹಾಡಿ ನೋಡಿದೆವು, ಗಂಜಿಯಂತಾಯಿತು. ಎಂಟೇ ಜನ ಉಳಿದಾಗ ಒಂದೊಂದು ಎಳೆಯೂ ಕೇಳಿಸಿತು. ಬೇಸ್‌ನಲ್ಲಿ ನಾವಿಬ್ಬರೇ. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಹಿಡಿದಿರಬೇಕೆಂದು ಪೆನ್ಸಿಲ್ ಗುರುತು ಹಾಕಿಕೊಂಡೆವು. ‘ಮಿಸೆರೆರೆ ಮೇಯಿ’ಯಲ್ಲಿ ದನಿಗಳು ಒಂದರ ಹಿಂದೊಂದು ಬಂದು ಸೇರುವಾಗ ಜೋರು ಮಾಡುವ ಆಸೆ ಹುಟ್ಟುತ್ತದೆ. ಅದು ಕರುಣೆ ಬೇಡುವ ಮಾತು, ತಗ್ಗಿಸಿಯೇ ಹಾಡಿ ಎಂದರು ನಿರ್ದೇಶಕಿ.

ಕೊರ್ಪುಸ್ ಕ್ರಿಸ್ತಿ, ಕ್ರಿಸ್ತನ ಶರೀರದ ಹಬ್ಬದ ಪೂಜೆ. ಪ್ರಸಾದದ ಸಾಲು ಉದ್ದವಿತ್ತು, ಆಮೆನ್ ಮುಗಿದರೂ ಜನ ಮುಗಿದಿರಲಿಲ್ಲ. ನಿರ್ದೇಶಕಿ ಬೆರಳೆತ್ತಿ ‘ಮೊದಲಿಂದ’ ಎಂದು ಸನ್ನೆ ಮಾಡಿದರು. ಎರಡನೆಯ ಸಲ ನನ್ನ ನಿಷಾದ ಇದ್ದಲ್ಲೇ ಇತ್ತು.