ಸತ್ತಿದ್ದು ಸ್ವಿಚ್ ಅಲ್ಲ, ನನ್ನ ಸೆಟ್ಟಿಂಗು

ಮೊದಲ ಸಲ ಕನ್ಸೋಲ್ ಕೇಬಲ್ (ಡಿವೈಸ್‌ಗೆ ನೇರವಾಗಿ ಚುಚ್ಚಿ ಮಾತಾಡುವ ತಂತಿ) ಹಿಡಿದು ಸರ್ವರ್ ರೂಮಿಗೆ ಹೋದ ದಿನವೇ ಚೆನ್ನಾಗಿದ್ದ ಒಂದು ನೆಟ್‌ವರ್ಕ್ ಸ್ವಿಚ್ಚನ್ನು ಸತ್ತಿದೆ ಅಂತ ಹೇಳಿ ಬಂದಿದ್ದೆ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಚುಚ್ಚಿ, ಡಿವೈಸ್‌ಗೆ ಕಮಾಂಡ್ ಟೈಪ್ ಮಾಡುವ ಪುಟ್ಟಿ (PuTTY) ಎಂಬ ಟರ್ಮಿನಲ್ ಸಾಫ್ಟ್‌ವೇರ್ ತೆರೆದು ಎಂಟರ್ ಒತ್ತಿದರೆ ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ, ಚೌಕ, ಯಾವ ಭಾಷೆಗೂ ಸೇರದ ಅಕ್ಷರ. ಸೀನಿಯರ್ ಒಬ್ಬರು ಬಂದು ನೋಡಿದರು. ಮಾತಾಡದೆ ಸ್ಪೀಡ್ 115200 ಇದ್ದದ್ದನ್ನು 9600ಕ್ಕೆ ಇಳಿಸಿ ಎಂಟರ್ ಒತ್ತಿದರು. ಸ್ವಿಚ್ಚಿನ ಹೆಸರು, ಪಕ್ಕದಲ್ಲಿ ಮಿನುಗುವ ಕರ್ಸರ್. “ಕಸ ಬರ್ತಿದೆ ಅಂದ್ರೆ ಜೀವ ಇದೆ ಅಂತ ಕಣಪ್ಪ, ಸತ್ತಿದ್ರೆ ಕಸಾನೂ ಬರ್ತಿರ್ಲಿಲ್ಲ” ಅಂದು ಹೋದರು.

ಸೀರಿಯಲ್ ಲೈನಿನಲ್ಲಿ ಎರಡೂ ಕಡೆಗೆ ಒಂದೇ ಗಡಿಯಾರ ಇರುವುದಿಲ್ಲ. ಒಂದು ಬಿಟ್ ಎಷ್ಟು ಹೊತ್ತು ಎಂದು ಮೊದಲೇ ಒಪ್ಪಿಕೊಂಡಿರಬೇಕು. ಸ್ಪೀಡ್ 9600 ಅಂದರೆ ಸೆಕೆಂಡಿಗೆ 9600 ಬಿಟ್, ಅದರಲ್ಲಿ ಒಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡ್. 115200ರಲ್ಲಿ ಒಂಬತ್ತಕ್ಕಿಂತ ಕಡಿಮೆ. ಸ್ವಿಚ್ ಒಂದು ಬಿಟ್ ಹೇಳಿ ಮುಗಿಸುವಷ್ಟರಲ್ಲಿ ನನ್ನ ಪುಟ್ಟಿ ಹನ್ನೆರಡು ಬಿಟ್ ಓದಿರುತ್ತಿತ್ತು. ಕಸ ಬಾರದೆ ಇನ್ನೇನು ಬಂದೀತು? (ಇಂಗ್ಲಿಷಿನವರು PuTTYಯನ್ನು ‘ಪಟ್ಟಿ’ ಅನ್ನುತ್ತಾರೆ. ನಮ್ಮ ತಂಡದಲ್ಲಿ ಮಾತ್ರ ಅದು ಮನೆಮಗಳ ಥರ ‘ಪುಟ್ಟಿ’ಯೇ.)

ಅದಕ್ಕಿಂತ ಹೆಚ್ಚು ಸತಾಯಿಸಿದ್ದು ಫ್ಲೋ ಕಂಟ್ರೋಲ್, ಅಂದರೆ ‘ಈಗ ಕಳಿಸು, ಈಗ ನಿಲ್ಲಿಸು’ ಎಂದು ಎರಡೂ ಕಡೆಯವು ಹೇಳಿಕೊಳ್ಳುವ ವ್ಯವಸ್ಥೆ. ಒಂದು ರೌಟರ್ ಬೂಟ್ ಆಗುವ ಸಾಲುಗಳೆಲ್ಲ ಸೊಗಸಾಗಿ ಬಂದವು, ಲಾಗಿನ್ ಕೇಳಿತು, ನಾನು ಏನು ಒತ್ತಿದರೂ ಅಕ್ಷರ ಮೂಡಲಿಲ್ಲ. ಕೀಬೋರ್ಡ್ ಬದಲಿಸಿದೆ, ಕೇಬಲ್ ಬದಲಿಸಿದೆ, ಒಂದು ಗಂಟೆ ಹೋಯಿತು. ಟರ್ಮಿನಲ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿತ್ತು. ಆ ಕಡೆಯಿಂದ ‘ಕಳಿಸು’ ಎಂಬ ಸಿಗ್ನಲ್ ಬರಲಿ ಎಂದು ನನ್ನ ಲ್ಯಾಪ್‌ಟಾಪ್ ಕಾಯುತ್ತಿತ್ತು. ಆ ಸಿಗ್ನಲ್ ಒಯ್ಯುವ ತಂತಿಯೇ ಆ ಕೇಬಲ್‌ನಲ್ಲಿ ಇರಲಿಲ್ಲ. ಫ್ಲೋ ಕಂಟ್ರೋಲ್ ‘ನನ್’ (None) ಮಾಡಿದೆ, ಮುಗಿಯಿತು. ಈಗ ಓದಲು ಬಂದು ಟೈಪ್ ಮಾಡಲು ಬಾರದಿದ್ದರೆ ಮೊದಲು ಅಲ್ಲಿಗೇ ಹೋಗುತ್ತೇನೆ. ಇದರ ಚಿಕ್ಕ ತಂಗಿ ಕಂಟ್ರೋಲ್-ಎಸ್. ಸೇವ್ ಮಾಡುವ ಚಟದಿಂದ ಒತ್ತಿದರೆ ಪರದೆ ಹೆಪ್ಪುಗಟ್ಟುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಬಿಡುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಸೆಷನ್ ಮುಚ್ಚಿದ್ದೇನೋ.

ನೆಟ್‌ವರ್ಕ್ ಮೂಲಕ ಹೋಗುವಾಗ ನಾನೂ ಶುರು ಮಾಡಿದ್ದು ಟೆಲ್‌ನೆಟ್‌ನಿಂದಲೇ, ಅಂದರೆ ಏನನ್ನೂ ಗುಟ್ಟು ಮಾಡದೆ ಕಳಿಸುವ ಹಳೇ ರಿಮೋಟ್ ಲಾಗಿನ್ ವಿಧಾನದಿಂದ. ಒಂದು ದಿನ ಟೆಸ್ಟ್ ಲ್ಯಾಬ್‌ನಲ್ಲಿ ನನ್ನದೇ ಲಾಗಿನ್ನನ್ನು ವೈರ್‌ಶಾರ್ಕ್‌ನಲ್ಲಿ (ತಂತಿಯ ಮೇಲೆ ಹರಿಯುವುದನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್) ಹಿಡಿದು ನೋಡಿದೆ. ಯೂಸರ್‌ನೇಮ್‌ನ ಪ್ರತಿ ಅಕ್ಷರ ಎರಡೆರಡು ಸಲ: ನಾನು ಕಳಿಸಿದ್ದು ಒಂದು, ಸರ್ವರ್ ಎಕೋ ಮಾಡಿದ್ದು ಇನ್ನೊಂದು. ಪಾಸ್‌ವರ್ಡ್ ಮಾತ್ರ ಒಂದೊಂದೇ, ಯಾಕೆಂದರೆ ಅದನ್ನು ಎಕೋ ಮಾಡುವುದಿಲ್ಲ. ಪರದೆಯ ಮೇಲೆ ಅಡಗಿಸಿದ್ದು ತಂತಿಯ ಮೇಲೆ ಬೆತ್ತಲೆ. ಫಿನ್‌ಲ್ಯಾಂಡಿನ ತಾತು ಯ್ಲೋನೆನ್ 1995ರಲ್ಲಿ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದದ್ದೂ ತಮ್ಮ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದ ಮೇಲೆಯೇ. ಲ್ಯಾಬ್‌ನಲ್ಲಿ ಅದನ್ನು ನೋಡಿದ ದಿನದಿಂದ ನನ್ನ ಸೇವ್ಡ್ ಸೆಷನ್‌ಗಳಲ್ಲಿ ಟೆಲ್‌ನೆಟ್‌ನ 23ನೇ ಪೋರ್ಟ್ ಇಲ್ಲ, ಎಲ್ಲ ಎಸ್‌ಎಸ್‌ಎಚ್‌ನ 22.

ಪುಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿದರೆ ಮೆನು ಬರುವುದಿಲ್ಲ, ಕ್ಲಿಪ್‌ಬೋರ್ಡ್‌ನಲ್ಲಿ ಇದ್ದದ್ದು ಪೇಸ್ಟ್ ಆಗುತ್ತದೆ. ಇದನ್ನು ನಾನು ಕಲಿತದ್ದು ಇಪ್ಪತ್ತು ಸಾಲಿನ ಒಂದು ಇಮೇಲ್ ಸರ್ವರ್‌ನ ರೂಟ್ ಪ್ರಾಂಪ್ಟ್‌ಗೆ (ಎಲ್ಲ ಅಧಿಕಾರ ಇರುವ ಕಮಾಂಡ್ ಸಾಲಿಗೆ) ಹೋಗಿ ಬಿದ್ದಾಗ. ಪುಣ್ಯಕ್ಕೆ ‘ಕಮಾಂಡ್ ನಾಟ್ ಫೌಂಡ್’ ಎಂದು ಇಪ್ಪತ್ತು ಸಲ ಬೈಸಿಕೊಂಡದ್ದಷ್ಟೇ. ಸೀರಿಯಲ್‌ನಲ್ಲಿ ಪೇಸ್ಟ್ ಮಾಡುವುದಂತೂ ಬೇರೆಯೇ ಕಥೆ. ಇನ್ನೂರು ಸಾಲು ಕಾನ್ಫಿಗರೇಷನ್ ಒಮ್ಮೆಲೇ ಸುರಿದರೆ ಡಿವೈಸ್‌ನ ಬಫರ್ ತುಂಬಿ ನಡುವೆ ಅಕ್ಷರಗಳು ಉದುರಿಹೋಗುತ್ತವೆ. ಒಮ್ಮೆ ಐಪಿ ವಿಳಾಸದ ಒಂದು ಅಂಕಿ ಹೀಗೆ ಬಿದ್ದುಹೋಗಿ, ಉಳಿದದ್ದೂ ಸರಿಯಾದ ವಿಳಾಸವೇ ಆಗಿದ್ದರಿಂದ ಯಾವ ಎರರ್ರೂ ಬರಲಿಲ್ಲ. ಅಂಥ ಕೆಲಸಕ್ಕೆ ಈಗ ಟೆರಾ ಟರ್ಮ್ ಎಂಬ ಇನ್ನೊಂದು ಟರ್ಮಿನಲ್ ಸಾಫ್ಟ್‌ವೇರ್ ಬಳಸುತ್ತೇನೆ. ಅದರಲ್ಲಿ ಪ್ರತಿ ಸಾಲಿಗೆ ಇಷ್ಟು ಮಿಲಿಸೆಕೆಂಡ್ ತಡೆ ಎಂದು ಕೊಡಬಹುದು.

ಲಿನಕ್ಸ್ ಸರ್ವರ್‌ನಲ್ಲಿ ದೊಡ್ಡ ಅಪ್‌ಗ್ರೇಡ್ ಇದ್ದರೆ ಟಿಮಕ್ಸ್ (tmux) ಎಂಬ ಸಾಫ್ಟ್‌ವೇರ್ ಒಳಗೇ ಮಾಡುತ್ತೇನೆ. ಲೈನ್ ಕಡಿದರೂ ಕೆಲಸ ಅಲ್ಲಿ ನಡೆಯುತ್ತಿರುತ್ತದೆ, ಮತ್ತೆ ಬಂದು ಸೇರಿಕೊಂಡರಾಯಿತು.

ಟರ್ಮಿನಲ್‌ನಲ್ಲಿ ಕನ್ನಡದ ಗತಿ ಏನು ಎಂದು ಕೆಲವರು ಕೇಳುತ್ತಾರೆ. ಈ ಟರ್ಮಿನಲ್ ಸಾಫ್ಟ್‌ವೇರ್‌ಗಳೆಲ್ಲ ಇವತ್ತಿಗೂ 1978ರ ವಿಟಿ100 ಎಂಬ ಟರ್ಮಿನಲ್ ಯಂತ್ರದ ವೇಷ ಹಾಕಿಕೊಂಡೇ ಇವೆ: 80 ಕಾಲಂ, 24 ಸಾಲು, ಒಂದು ಅಕ್ಷರಕ್ಕೆ ಒಂದು ಮನೆ. ‘ಸ್ತ್ರೀ’ ಎಷ್ಟು ಮನೆ ತೆಗೆದುಕೊಳ್ಳಬೇಕು? ಸರ್ವರ್ ಒಂದು ಲೆಕ್ಕ ಹಾಕಿ, ಟರ್ಮಿನಲ್ ಇನ್ನೊಂದು ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಕರ್ಸರ್ ಎಲ್ಲೋ ನಿಲ್ಲುತ್ತದೆ. ಕನ್ನಡ ಇರುವ ಫೈಲನ್ನು ನಾನು ಇಳಿಸಿಕೊಂಡು ಎಡಿಟರ್‌ನಲ್ಲೇ ತಿದ್ದುತ್ತೇನೆ.

ದೂರದ ರೌಟರ್ ಮೇಲೆ ಕೈಯಾಡಿಸುವಾಗ ಅದರೊಳಕ್ಕೆ ಹೋಗುವ ದಾರಿಯನ್ನೇ ಮುಚ್ಚಿಕೊಳ್ಳುವ ಭಯ ಇದ್ದೇ ಇರುತ್ತದೆ. ಸಿಸ್ಕೊ ಡಿವೈಸ್ ಆದರೆ ಮೊದಲು ‘ರೀಲೋಡ್ ಇನ್ 10’ ಕೊಡುತ್ತೇನೆ. ತಪ್ಪಿದರೆ ಹತ್ತು ನಿಮಿಷಕ್ಕೆ ತಾನೇ ರೀಬೂಟ್ ಆಗಿ ಸೇವ್ ಆಗಿದ್ದ ಹಳೇ ಕಾನ್ಫಿಗರೇಷನ್‌ಗೆ ಮರಳುತ್ತದೆ. ಒಮ್ಮೆ ಎಲ್ಲ ಸರಿಯಾಗಿ ಆಯಿತು. ಆ ಖುಷಿಯಲ್ಲಿ ಸೇವ್ ಮಾಡುವುದನ್ನೂ ಮರೆತೆ, ರೀಲೋಡ್ ಕ್ಯಾನ್ಸಲ್ ಮಾಡುವುದನ್ನೂ ಮರೆತೆ. ಸರಿಯಾಗಿ ಹತ್ತನೇ ನಿಮಿಷಕ್ಕೆ ಸೆಷನ್ ಕಡಿಯಿತು. ಈಗ ಆ ಕಮಾಂಡ್ ಕೊಟ್ಟ ಕೂಡಲೇ ಫೋನಿನಲ್ಲಿ ಎಂಟು ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳುತ್ತೇನೆ.